ಹೊಸ ಗಿನಿಪಿಗ್ ಪರಿಚಯ: ಪಕ್ಕದ ಗೂಡೋ, ಖಾಲಿ ನೆಲವೋ?

ಹೊಸದನ್ನು ಸೀದಾ ಹಳೆಯದರ ಗೂಡಿಗೇ ಬಿಟ್ಟರೆ ಜಗಳ ಖಾತ್ರಿ. ಅಲ್ಲಿ ಮೂಲೆಮೂಲೆಗೂ ಹಳೆಯದರ ಮೂತ್ರದ ವಾಸನೆ. ಇಬ್ಬರಿಗೂ ಒಟ್ಟಿಗೆ ಸ್ನಾನ ಮಾಡಿಸುವುದೂ ಬೇಡ, ಆಮೇಲೆ ಅವು ಸುಮ್ಮನಿರುವುದು ಗೆಳೆತನದಿಂದಲ್ಲ, ಹೆದರಿಕೆಯಿಂದ. ಉಳಿದ ಎರಡು ದಾರಿಗಳು ಪಕ್ಕದ ಗೂಡು ಮತ್ತು ಖಾಲಿ ನೆಲ; ನನ್ನ ಓಟು ಖಾಲಿ ನೆಲಕ್ಕೆ.

ಯಾವ ದಾರಿಯಾದರೂ ಮೊದಲ 2-3 ವಾರ ಹೊಸದು ಬೇರೆ ಕೋಣೆಯಲ್ಲಿರಲಿ. ಕಜ್ಜಿ ಹುಳ, ಹುಳುಕಡ್ಡಿ, ನೆಗಡಿ ಇದ್ದರೆ ಅಷ್ಟರೊಳಗೆ ಹೊರಬೀಳುತ್ತವೆ. ಗಂಡೋ ಹೆಣ್ಣೋ ಎಂದು ಅಂಗಡಿಯವರ ಮಾತು ನಂಬದೆ ಪಶುವೈದ್ಯರಿಗೆ ತೋರಿಸಿ; ಗಂಡುಮರಿ 3-4 ವಾರಕ್ಕೇ ತಂದೆಯಾಗಬಲ್ಲದು.

ಪಕ್ಕದ ಗೂಡು ಎಂದರೆ ನಡುವೆ ತಂತಿ ಜಾಲರಿ. ಗಾಯದ ಭಯ ಕಡಿಮೆ, ಕೆಲಸಕ್ಕೆ ಹೋಗುವವರಿಗೆ ಅನುಕೂಲ. ಆದರೆ ಎರಡೂ ತಂತಮ್ಮ ಪಾಲಿಗೆ ಯಜಮಾನರಾಗಿ ತಂತಿ ಕಡಿಯುತ್ತಾ ಕೂರುತ್ತವೆ. ಗೂಡಿನ ಖರ್ಚೂ ಎರಡರಷ್ಟು.

ಖಾಲಿ ನೆಲಕ್ಕೆ ಬೇಕಿರುವುದು ಒಂದು ರಜಾದಿನದ ಬೆಳಗ್ಗೆ. ಹಳೆಯದು ಕಾಲಿಡದ ಜಾಗದಲ್ಲಿ ಕನಿಷ್ಠ 4 ಅಡಿಗೆ 4 ಅಡಿ ಒಗೆದ ಬೆಡ್‌ಶೀಟ್ ಹಾಸಿ. ನಡುವೆ ಒಣಹುಲ್ಲಿನ ದೊಡ್ಡ ಗುಡ್ಡೆ, ಸುತ್ತ ಚೆಲ್ಲಿದ ಕೊತ್ತಂಬರಿ ಸೊಪ್ಪು, ದೊಣ್ಣೆಮೆಣಸಿನಕಾಯಿ ಚೂರು. ಅಡಗುವ ಮನೆ ಬೇಡ. ಗುರುಗುಟ್ಟುತ್ತಾ ಸೊಂಟ ಕುಣಿಸುವುದು, ಮೇಲೆ ಹತ್ತುವುದು, ಅಟ್ಟಾಡಿಸುವುದು ನಡೆಯಲಿ ಬಿಡಿ. ಪ್ರತಿ ಸಲ ಬೇರೆ ಮಾಡಿದರೆ ಯಾರು ದೊಡ್ಡವರೆಂಬ ಲೆಕ್ಕ ಮತ್ತೆ ಮೊದಲಿಂದ ಶುರು. ಕತ್ತಿನ ಕೂದಲು ನಿಮಿರಿ, ಹಲ್ಲು ಒಂದೇ ಸಮನೆ ಕಟಕಟ ಅಂದರೆ ದಪ್ಪ ಟವೆಲ್ ಕೈಗೆತ್ತಿಕೊಳ್ಳಿ. ಉಂಡೆಯಾಗಿ ಉರುಳಿ ಕಚ್ಚಾಡಿದರೆ ಅದನ್ನೇ ಅವುಗಳ ಮೇಲೆ ಹಾಕಿ ಬಿಡಿಸಿ. ಬರಿಗೈ ಹಾಕಿದರೆ ಬೆರಳಿಗೇ ಕಚ್ಚುತ್ತವೆ. ರಕ್ತ ಕಂಡರೆ ಪರಿಚಯ ಅಲ್ಲಿಗೇ ನಿಲ್ಲಿಸಿ.

ನಿಜವಾದ ತಲೆನೋವು ಇದಾದ ಮೇಲೆ. ಮೂರು ತಾಸು ಒಂದೇ ಗುಡ್ಡೆಯಲ್ಲಿ ಹುಲ್ಲು ತಿಂದ ಜೋಡಿ ಗೂಡಿಗೆ ಕಾಲಿಟ್ಟ ಹತ್ತೇ ನಿಮಿಷಕ್ಕೆ ಮತ್ತೆ ಜಗಳಕ್ಕೆ ಬೀಳಬಹುದು. ಕಾರಣ ಅದೇ ಹಳೆಯ ವಾಸನೆ. ಅವು ನೆಲದ ಮೇಲಿರುವಾಗಲೇ ಗೂಡಿನ ಹಾಸು ಪೂರ್ತಿ ತೆಗೆದು, ತಳವನ್ನು ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒರೆಸಿ, ಒಣಗಿಸಿ. ಮರದ ಮನೆ ಮೂತ್ರ ಹೀರಿರುತ್ತದೆ, ಎಷ್ಟು ತೊಳೆದರೂ ವಾಸನೆ ಹೋಗದು, ಹೊರಗಿಡಿ. ಬೆಡ್‌ಶೀಟ್ ಮೇಲಿನ ಹುಲ್ಲನ್ನೇ ಒಳಗೆ ಹರಡಿ.

ಎರಡನೆಯ ಕಾರಣ ಒಂದೇ ಬಾಗಿಲಿನ ಮನೆ. ಹೊಸದು ಒಳಗೆ ಹೊಕ್ಕರೆ ಹಳೆಯದು ಬಾಗಿಲಿಗೆ ಅಡ್ಡ ನಿಲ್ಲುತ್ತದೆ, ಸಿಕ್ಕಿಬಿದ್ದದ್ದು ಕಚ್ಚದೆ ಇನ್ನೇನು ಮಾಡೀತು? ರಟ್ಟಿನ ಡಬ್ಬಿಗೆ ಎರಡು ಕಡೆ ಬಾಗಿಲು ಕೊರೆದರೆ ಸಾಕು, ದುಡ್ಡಿನ ಮಾತೇ ಇಲ್ಲ. ಹುಲ್ಲು, ನೀರು, ಡಬ್ಬಿ ಎಲ್ಲವೂ ಎರಡೆರಡು, ಗೂಡಿನ ಎರಡು ತುದಿಗೆ. ಜಾಗ 10 ಚದರಡಿಗೆ ಕಡಿಮೆಯಾಗದಿರಲಿ.

ಬೆಳೆದ ಎರಡು ಗಂಡುಗಳು ರಕ್ತ ಬರುವಂತೆ ಕಚ್ಚಾಡಿದರೆ ಮಾತ್ರ ಜಾಲರಿಯೇ ಕಾಯಂ. ಮೂಗಿಗೆ ಮೂಗು ತಾಗಿದರೂ ಒಂಟಿತನ ತಗ್ಗುತ್ತದೆ. ಒಂದಾದ ಜೋಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೆರಡು ಸಲ ತೂಗಿ. ಹೊಸದು 50 ಗ್ರಾಂಗಿಂತ ಹೆಚ್ಚು ಇಳಿದಿದ್ದರೆ, ಹಳೆಯದು ಹುಲ್ಲಿನ ಹತ್ತಿರ ಬಿಡುತ್ತಿದೆಯೇ ನೋಡಿ. ಬಿಡುತ್ತಿದ್ದೂ ಇಳಿದಿದ್ದರೆ ವೈದ್ಯರಲ್ಲಿಗೆ ಒಯ್ಯಿರಿ.