‘ಅಲ್ವಾ’ ಅನ್ನೋ ಬಾಲ: ಕೌನ್ಸೆಲರ್ ಸಂದರ್ಶನದ ತರಬೇತಿ ಹೇಗಿತ್ತು

ಎರಡು ಸಂದರ್ಶನಗಳಲ್ಲಿ ಒಂದೇ ಪ್ರಶ್ನೆಗೆ ಎಡವಿದ ಮೇಲೆ ಈ ತರಬೇತಿಗೆ ಸೇರಿದೆ. “ಎದುರಿಗೆ ಕೂತ ಕ್ಲೈಂಟ್ ‘ಬದುಕಿದ್ದು ಸಾಕು’ ಅಂದರೆ ಏನು ಮಾಡ್ತೀರಿ?” ಎರಡೂ ಕಡೆ ನನ್ನ ಉತ್ತರ ಒಂದೇ: “ಮೊದಲು ಸಮಾಧಾನ ಮಾಡ್ತೀನಿ, ಆಮೇಲೆ ಮನೋವೈದ್ಯರ ಹತ್ತಿರ ಕಳಿಸ್ತೀನಿ.” ಎರಡೂ ಕಡೆ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಅದನ್ನು ಮೆಚ್ಚುಗೆ ಅಂದುಕೊಂಡು ಮನೆಗೆ ಬಂದ ಪೆದ್ದಿ ನಾನು.

ವಿಡಿಯೊ ಕರೆಯಲ್ಲಿ ಮೂರು ಅಣಕು ಸಂದರ್ಶನ, ಒಂದೊಂದು ಗಂಟೆ. ಜೊತೆಗೊಂದು ಮಾದರಿ ಉತ್ತರಗಳ ಪಿಡಿಎಫ್. ಪಿಡಿಎಫ್ ತೆರೆಯುವುದೇ ಬೇಡ. ಅರ್ಧಕ್ಕರ್ಧ ಉತ್ತರಗಳು “ನಾನು ಸಹಾನುಭೂತಿಯಿಂದ ಆಲಿಸುತ್ತೇನೆ” ಅಂತಲೇ ಶುರುವಾಗುತ್ತವೆ. ಅದಕ್ಕಿಂತ ಕೆಟ್ಟದ್ದು, “ನನಗೆ ನಾನೇ ಹಾನಿ ಮಾಡಿಕೊಳ್ಳುವುದಿಲ್ಲ” ಅಂತ ಕ್ಲೈಂಟ್ ಕೈಲಿ ಬರೆಸಿ ಸಹಿ ಹಾಕಿಸಿಕೊಳ್ಳಿ ಅನ್ನುವ ಸಲಹೆ. ಇಂಥ ಕರಾರು ಪತ್ರ ಜೀವ ಉಳಿಸುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ, ಕೌನ್ಸೆಲರ್‌ಗೆ ನಿದ್ದೆ ಬರಬಹುದು ಅಷ್ಟೆ. ಸಂದರ್ಶನದಲ್ಲಿ ಇದನ್ನು ಹೇಳಿದರೆ ಹಳೇ ಪಾಠ ಓದಿಕೊಂಡು ಬಂದಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತೆ.

ಮೊದಲ ಕಂತಲ್ಲಿ ಒಂದು ಪೆಟ್ಟು ಬಿತ್ತು. ನಿಮ್ಮ ಅನುಭವದಿಂದ ಒಂದು ಉದಾಹರಣೆ ಕೊಡಿ ಅಂದರು. ಇಂಟರ್ನ್‌ಶಿಪ್‌ನಲ್ಲಿ ನೋಡಿದ ಒಬ್ಬರ ವಯಸ್ಸು, ಕೆಲಸ, ಮನೆಯ ಪರಿಸ್ಥಿತಿ ಎಲ್ಲ ಉತ್ಸಾಹದಲ್ಲಿ ಹೇಳಿಬಿಟ್ಟೆ. ಸಂದರ್ಶನ ಮಾಡುತ್ತಿದ್ದ ತರಬೇತಿಯ ಮೇಡಂ ಪೆನ್ ಕೆಳಗಿಟ್ಟು, “ನಿಮ್ಮ ಕ್ಲೈಂಟ್ ಯಾರು ಅಂತ ಹುಡುಕೋಕೆ ನನಗೆ ಹತ್ತು ನಿಮಿಷ ಸಾಕು” ಅಂದರು. ಉದಾಹರಣೆ ಕೇಳುವುದೇ ಕ್ಲೈಂಟ್ ಗುಟ್ಟು ಕಾಯ್ತೀರಾ ಅಂತ ನೋಡೋಕಂತೆ.

ಎರಡನೇ ಕಂತು ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮೇಡಂ, “ಇವತ್ತು ನಾನೇ ಕ್ಲೈಂಟ್” ಅಂದವರು ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, “ನಾನಿಲ್ಲದಿದ್ರೆ ಎಲ್ಲರಿಗೂ ಹಗುರ ಆಗುತ್ತೆ” ಅಂದರು.

ನಾನು: “ಅಂದ್ರೆ, ನಿಮಗೆ... ಏನಾದ್ರೂ ಹೆಚ್ಚು ಕಮ್ಮಿ ಮಾಡ್ಕೊಳ್ಳೋ ಥರ...”

“ಹೆಚ್ಚು ಕಮ್ಮಿ ಅಂದ್ರೆ?”

ಪೆನ್ನಿನ ಕ್ಯಾಪ್ ತಿರುಗಿಸುತ್ತಾ ಕೂತೆ. ಕೊನೆಗೆ ಬಾಯಿಂದ ಬಂದದ್ದು: “ಅಂಥದ್ದೇನೂ ಇಲ್ಲ ಅಲ್ವಾ?”

ಅಲ್ಲಿಗೆ ನಿಲ್ಲಿಸಿದರು. “ಈ ‘ಅಲ್ವಾ’ ಇದೆಯಲ್ಲ, ಅದು ಪ್ರಶ್ನೆ ಅಲ್ಲ. ದಯವಿಟ್ಟು ಇಲ್ಲ ಅನ್ನಿ ಅಂತ ನನ್ನ ಕೈಕಾಲು ಹಿಡಿದ ಹಾಗಿತ್ತು.” “ನಿಮಗೆ ಆತ್ಮಹತ್ಯೆಯ ಯೋಚನೆ ಬರ್ತಿದೆಯಾ?” ಅಂತ ಏಳು ಸಲ ಹೇಳಿಸಿದರು, ದನಿ ಇಳಿಸದೆ, ಏರಿಸದೆ. ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದ ಹಾಗಾಗುತ್ತೆ ಅನ್ನೋ ಭಯ ನನಗೂ ಇತ್ತು. ಸಂಶೋಧನೆಗಳಲ್ಲಿ ಹಾಗೆ ಕಂಡುಬಂದಿಲ್ಲ. ಕೇಳಿಸಿಕೊಂಡವರಿಗೆ ಎಷ್ಟೋ ಸಲ ಎದೆ ಹಗುರವಾಗುತ್ತೆ.

ಕೇಳುವ ಕ್ರಮಕ್ಕೆ ಕೊಲಂಬಿಯಾ ಸ್ಕೇಲ್ ಕಲಿಸಿದರು, ಆತ್ಮಹತ್ಯೆಯ ಅಪಾಯ ಎಷ್ಟಿದೆ ಅಂತ ಅಳೆಯುವ ಪ್ರಶ್ನಾವಳಿ ಅದು. ಅದರ ಚಿಕ್ಕ ಸ್ಕ್ರೀನಿಂಗ್ ರೂಪದಲ್ಲಿ ಆರು ಪ್ರಶ್ನೆ. ಸತ್ತುಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿದೆಯಾ, ಆತ್ಮಹತ್ಯೆಯ ಯೋಚನೆ ಬಂದಿದೆಯಾ; ಹೌದಾದರೆ ಹೇಗೆ ಅಂತ ಯೋಚಿಸಿದ್ದೀರಾ, ಮಾಡುವ ಉದ್ದೇಶ ಇದೆಯಾ, ಯೋಜನೆ ಹಾಕಿದ್ದೀರಾ. ಆರನೆಯದು, ಯಾವಾಗಲಾದರೂ ಪ್ರಯತ್ನ ಅಥವಾ ತಯಾರಿ ಮಾಡಿದ್ದಿದೆಯಾ. ಎರಡನೆಯದಕ್ಕೆ “ಇಲ್ಲ” ಅಂದ ಕೂಡಲೇ ನಾನು ಉಸಿರು ಬಿಟ್ಟು ಫೈಲ್ ಮುಚ್ಚುವವಳು. ತಪ್ಪು. ಆಗಲೂ ಆರನೆಯದನ್ನು ಕೇಳಲೇಬೇಕು.

“ಹೌದು” ಅಂದರೆ? ಇದನ್ನೇ ಸಂದರ್ಶಕರು ಕೆದಕುವುದು. ಅಪಾಯ ಈಗಲೇ ಇದೆ ಅನ್ನಿಸಿದರೆ ಒಬ್ಬರೇ ಬಿಡಬಾರದು, ಸೂಪರ್‌ವೈಸರ್‌ಗೆ ತಿಳಿಸಬೇಕು, ತುರ್ತು ಸೇವೆ ಕರೆಯಬೇಕು. ಗುಟ್ಟು ಕಾಯುವುದಕ್ಕೂ ಮಿತಿ ಇದೆ ಅನ್ನೋದನ್ನು ಮೊದಲ ಭೇಟಿಯಲ್ಲೇ ಹೇಳಿರಬೇಕು. ಅಪಾಯ ಅಷ್ಟು ತಕ್ಷಣದ್ದಲ್ಲದಿದ್ದರೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ, ಅಂದರೆ ಅಂಥ ಯೋಚನೆ ಬಂದಾಗ ಏನು ಮಾಡಬೇಕು ಅಂತ ಕ್ಲೈಂಟ್ ಜೊತೆ ಕೂತು ಬರೆಯುವ ಚೀಟಿ. ಆರು ಹಂತದ್ದು; ಕೊನೆಯ ಹಂತ ಅಪಾಯದ ವಸ್ತುಗಳು ಕೈಗೆ ಸಿಗದ ಹಾಗೆ ಮಾಡುವುದು. ಈ ಯೋಜನೆ ಬರೆಸಿ, ಆಮೇಲೆ ಫೋನ್ ಮಾಡಿ ವಿಚಾರಿಸಿಕೊಂಡವರಲ್ಲಿ ಆತ್ಮಹತ್ಯಾ ವರ್ತನೆ ಕಡಿಮೆ ಇತ್ತು ಅಂತ 2018ರ ಒಂದು ಅಧ್ಯಯನ ಹೇಳುತ್ತದೆ.

ಯೋಜನೆಯ ಮೊದಲ ಹಂತ, ಕಷ್ಟದ ಹೊತ್ತು ಶುರುವಾಗ್ತಿದೆ ಅನ್ನೋ ಮುನ್ಸೂಚನೆಗಳು. ಕ್ಲೈಂಟ್ ಪಾತ್ರದಲ್ಲಿದ್ದ ಮೇಡಂ “ಫೋನ್ ಸೈಲೆಂಟ್ ಮಾಡಿ ಗೋಡೆ ಕಡೆ ತಿರುಗಿ ಮಲಗ್ತೀನಿ” ಅಂದರು. ನಾನು “ಸಾಮಾಜಿಕ ವಿಮುಖತೆ” ಅಂತ ಬರೆದುಕೊಂಡೆ. “ರಾತ್ರಿ ಎರಡು ಗಂಟೆಗೆ ಆ ಚೀಟಿ ಓದೋದು ನೀವಲ್ಲ, ನಾನು” ಅಂದರು. ಹೊಡೆದು ಹಾಕಿ ಗೋಡೆ ಅಂತಲೇ ಬರೆದೆ.

ಮೂರನೇ ಕಂತಿಗೆ ಬೇರೊಬ್ಬರು ಬಂದರು, ಹೇಳದೆ ಕೇಳದೆ. ಪರದೆ ನೋಡಿಕೊಂಡು ಪ್ರಶ್ನೆ ಓದಿದರು, “ಗುಡ್, ಇನ್ನೂ ಕಾನ್ಫಿಡೆನ್ಸ್ ಬೇಕು” ಅಂದರು, ನಲವತ್ತು ನಿಮಿಷಕ್ಕೆ ಕಟ್. ಕ್ಲೈಂಟ್ ತೀರಿಕೊಂಡರೆ ನೀವು ಹೇಗೆ ತಡೆದುಕೊಳ್ತೀರಿ ಅನ್ನೋ ಪ್ರಶ್ನೆಗೆ ತಯಾರಿ ಬೇಕು ಅಂತ ಮೊದಲೇ ಕೇಳಿಕೊಂಡಿದ್ದೆ. ಅದರ ಸುದ್ದಿಯೇ ಇಲ್ಲ. ದೂರು ಬರೆದದ್ದಕ್ಕೆ ಬಂದದ್ದು ಪಿಡಿಎಫ್‌ನ ಹೊಸ ಆವೃತ್ತಿ. ಕರಾರು ಪತ್ರ ಅದರಲ್ಲೂ ಹಾಗೇ ಇದೆ.

ಐದಕ್ಕೆ ಮೂರು ನಕ್ಷತ್ರ, ಮೂರೂ ಎರಡನೇ ಕಂತಿಗೇ. ಸೇರುವುದಿದ್ದರೆ ಮೂರು ಕಂತಿಗೂ ಅದೇ ಮೇಡಂ ಇರ್ತಾರಾ ಅಂತ ಬರಹದಲ್ಲಿ ಕೇಳಿಕೊಳ್ಳಿ. ಕೇಳುವಾಗ ‘ಅಲ್ವಾ’ ಸೇರಿಸಬೇಡಿ.