ನಟಿಯ ಆಹಾರಕ್ರಮ, ಮನಸ್ಸಿನ ಹಸಿವು ಮತ್ತು ಒಂದು ಲೆಕ್ಕದ ಪುಸ್ತಕ: ಎರಡು ವರ್ಷಗಳ ಬಳಕೆಯ ನಂತರ

ತೂಕ ಇಳಿಸುವ ಪುಸ್ತಕಗಳನ್ನು ಕೊಂಡ ವಾರದಲ್ಲೇ ಐದು ನಕ್ಷತ್ರ ಕೊಟ್ಟು ಹೊಗಳುವವರ ಮಾತನ್ನು ನಾನು ನಂಬುವುದಿಲ್ಲ. ಮೊದಲ ವಾರದಲ್ಲಿ ಯಾವ ಪಥ್ಯವಾದರೂ ಫಲ ಕೊಟ್ಟಂತೆ ಕಾಣುತ್ತದೆ. ಊಟ ಕಡಿಮೆಯಾದಾಗ ದೇಹದಲ್ಲಿ ಶೇಖರವಾಗಿದ್ದ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗುತ್ತದೆ, ಅದರೊಂದಿಗೆ ಸೇರಿಕೊಂಡಿದ್ದ ನೀರೂ ಹೊರಹೋಗುತ್ತದೆ, ತೂಕದ ಯಂತ್ರದ ಮುಳ್ಳು ಹಿಂದಕ್ಕೆ ಸರಿಯುತ್ತದೆ. ಕೊಬ್ಬು ಮಾತ್ರ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಆದ್ದರಿಂದ ಎರಡು ಪುಸ್ತಕಗಳನ್ನು ಸುಮಾರು ಎರಡು ವರ್ಷ ಬಳಸಿದ ಮೇಲೆ, ಎರಡು ಮಳೆಗಾಲ ಮತ್ತು ಎರಡು ಕಾಫಿ ಕೊಯ್ಲುಗಳನ್ನು ಅವುಗಳ ಜೊತೆಯಲ್ಲಿ ಕಳೆದ ಮೇಲೆ, ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಒಂದು, ಚಿತ್ರನಟಿಯೊಬ್ಬರ ಹೆಸರು ಮತ್ತು ಭಾವಚಿತ್ರ ಹೊತ್ತ ಆಹಾರಕ್ರಮದ ಪುಸ್ತಕ. ಇನ್ನೊಂದು, ಎಮೋಷನಲ್ ಈಟಿಂಗ್ ಎಂದು ಈಗ ಎಲ್ಲರೂ ಹೇಳುವ, ಬೇಸರಕ್ಕೋ ಸಿಟ್ಟಿಗೋ ತಿನ್ನುವ ಅಭ್ಯಾಸವನ್ನು ಬಿಡಿಸುತ್ತೇನೆನ್ನುವ ಸಲಹಾ ಪುಸ್ತಕ. ಇಂಥವು ರಟ್ಟು ಬದಲಿಸಿಕೊಂಡು ವರ್ಷವರ್ಷವೂ ಬರುತ್ತಲೇ ಇರುವುದರಿಂದ ಹೆಸರುಗಳನ್ನು ಬರೆಯುವ ಅಗತ್ಯ ನನಗೆ ಕಾಣಲಿಲ್ಲ.

ನಟಿಯ ಪುಸ್ತಕದ ಚಿತ್ರಗಳು ಸುಂದರವಾಗಿವೆ, ಕಾಗದ ಉತ್ತಮವಾಗಿದೆ. ಆದರೆ ಅದರ ಅಡುಗೆಮನೆ ನಮ್ಮ ಚಿಕ್ಕಮಗಳೂರಿನಲ್ಲಿ ಇಲ್ಲ. ಬೆಳಗಿನ ಉಪಾಹಾರಕ್ಕೆ ಕಿನೋವಾ ಎಂಬ ಕಾಳು, ಬಾದಾಮಿ ಹಾಲು, ಬ್ಲೂಬೆರಿ. ಮಧ್ಯಾಹ್ನಕ್ಕೆ ಎಲೆಗಳ ಸಲಾಡ್. ಸಂಜೆ ಏಳರೊಳಗೆ ಸೂಪು. ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಕಿನೋವಾ ಸಿಗುತ್ತದೆ, ಆದರೆ ಅದರ ಬೆಲೆಗೆ ಸಣ್ಣಕ್ಕಿಯ ಚೀಲದ ಕಡೆಗೆ ನೋಡುವಂತಾಗುತ್ತದೆ. ಆ ಪಟ್ಟಿಯಲ್ಲಿ ನಮಗೆ ಧಾರಾಳವಾಗಿ ಸಿಕ್ಕಿದ್ದು ಬೆಣ್ಣೆಹಣ್ಣು ಒಂದೇ. ಲೇಖಕಿ ಅಪರೂಪದ ನಿಧಿಯೆಂಬಂತೆ ವರ್ಣಿಸುವ ಆ ಹಣ್ಣು ಇಲ್ಲಿ ಮಳೆಗಾಲದಲ್ಲಿ ಕಾಫಿ ತೋಟದ ಮರಗಳಿಂದ ಉದುರುತ್ತದೆ. ತೋಟವಿರುವ ಸಹೋದ್ಯೋಗಿಗಳು ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿದು ಹೋಗುತ್ತಾರೆ. ಅದನ್ನು ನಾವು ಹಾಲು ಸಕ್ಕರೆ ಬೆರೆಸಿ ಜ್ಯೂಸ್ ಮಾಡಿ ಕುಡಿಯುತ್ತೇವೆಂಬುದು ನಟಿಗೆ ತಿಳಿದರೆ ಏನೆನ್ನುತ್ತಾರೋ!

ಪುಸ್ತಕದ ಕೊನೆಯ ಕೃತಜ್ಞತೆಯ ಪುಟವನ್ನು ಕೊಳ್ಳುವ ಮುನ್ನವೇ ಓದುವುದು ಒಳ್ಳೆಯದು. ಅಡುಗೆಯವರು, ವ್ಯಾಯಾಮದ ತರಬೇತುದಾರರು, ಪೌಷ್ಟಿಕಾಂಶ ಸಲಹೆಗಾರರು, ಚಿತ್ರೀಕರಣದ ಸ್ಥಳಕ್ಕೆ ಡಬ್ಬಿ ತಲುಪಿಸಿದವರು, ಎಲ್ಲರಿಗೂ ಅಲ್ಲಿ ವಂದನೆಯಿದೆ. ಬೆಳಿಗ್ಗೆ ಮನೆಮಂದಿಗೆಲ್ಲ ಕಡುಬು ಬೇಯಿಸಿ, ಚಟ್ನಿ ರುಬ್ಬಿ, ಡಬ್ಬಿ ಕಟ್ಟಿ, ಒಂಬತ್ತೂವರೆಗೆ ಕೆಲಸಕ್ಕೆ ಹೊರಡುವ ಹೆಂಗಸಿಗೆ ತನ್ನೊಬ್ಬಳಿಗಾಗಿ ಬೇರೆ ಅಡುಗೆ ಮಾಡಿಕೊಳ್ಳುವಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಸಕ್ಕರೆಯ ಬದಲು ಬೆಲ್ಲ ಬಳಸಿ ಎಂಬ ಅಧ್ಯಾಯವಂತೂ ನಮ್ಮ ಕಡೆಯವರಿಗೆ ನಗು ತರಿಸುತ್ತದೆ. ಬೆಲ್ಲದ ಕಾಫಿ ಮಲೆನಾಡಿಗೆ ಹೊಸದಲ್ಲ, ಅದನ್ನು ಕುಡಿದವರೆಲ್ಲ ತೆಳ್ಳಗಾಗಿಯೂ ಇಲ್ಲ. ಎರಡರ ಕ್ಯಾಲೊರಿಯೂ ಹೆಚ್ಚುಕಡಿಮೆ ಒಂದೇ. ಮೇಲಿನಿಂದ ಸೇರಿಸುವ ಸಿಹಿಯನ್ನು ದಿನಕ್ಕೆ ಸುಮಾರು 25 ಗ್ರಾಂಗೆ ಇಳಿಸಿಕೊಂಡರೆ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಆ ಲೆಕ್ಕದಲ್ಲಿ ಬೆಲ್ಲವೂ ಸೇರುತ್ತದೆ, ಜೇನುತುಪ್ಪವೂ ಸೇರುತ್ತದೆ.

ಇದಕ್ಕಿಂತ ಗಂಭೀರವಾದ ಕೊರತೆ ಅಳತೆಗಳಿಗೆ ಸಂಬಂಧಿಸಿದ್ದು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 25 ಮುಟ್ಟುವವರೆಗೆ ಆತಂಕವಿಲ್ಲ ಎಂದು ಪುಸ್ತಕದ ಕೋಷ್ಟಕ ಹೇಳುತ್ತದೆ. ಭಾರತೀಯರ ದೇಹದಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಹೆಚ್ಚಾಗಿ ಸೇರುವುದರಿಂದ ನಮ್ಮ ವೈದ್ಯರು 23ರಿಂದಲೇ ಎಚ್ಚರಿಸುತ್ತಾರೆ; ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದೆನ್ನುತ್ತಾರೆ. ನನ್ನ ಬಿಎಂಐ ಈ ಎರಡು ಗೆರೆಗಳ ನಡುವೆ ಇತ್ತು, ರಕ್ತದ ಸಕ್ಕರೆ ಮಧುಮೇಹದ ಅಂಚಿಗೆ ಬಂದಿತ್ತು. ಕೋಷ್ಟಕವನ್ನೇ ನಂಬಿದ್ದರೆ ನಾನು ಆ ಪುಸ್ತಕವನ್ನು ಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ.

ಪ್ರಸಿದ್ಧರ ತೂಕದ ಕಥೆಗಳಿಗೆ ನಾವು ಕೊಡುವ ಬೆಲೆಯ ಬಗ್ಗೆ ಒಂದು ಮಾತು. ಅಮೆರಿಕದ ಓಪ್ರಾ ವಿನ್‌ಫ್ರೀ 1988ರಲ್ಲಿ ದ್ರವಾಹಾರದಿಂದ ಸುಮಾರು 30 ಕಿಲೋ ಇಳಿಸಿ, ಅಷ್ಟು ತೂಕದ ಕೊಬ್ಬನ್ನು ಪುಟ್ಟ ಬಂಡಿಯಲ್ಲಿ ಎಳೆದುಕೊಂಡು ತಮ್ಮ ಟಿ.ವಿ. ಕಾರ್ಯಕ್ರಮದ ವೇದಿಕೆಗೆ ಬಂದರು. ಆ ತೂಕ ಮರಳಿ ಬಂದಿತು. 2015ರಲ್ಲಿ ಅವರು ತೂಕ ಇಳಿಸುವ ಕಂಪನಿಯಾದ ವೇಟ್ ವಾಚರ್ಸ್‌ನಲ್ಲಿ ಶೇಕಡಾ 10ರಷ್ಟು ಪಾಲು ಕೊಂಡರು; 2023ರ ಡಿಸೆಂಬರಿನಲ್ಲಿ ತಾವು ತೂಕ ಇಳಿಸುವ ಔಷಧಿಯನ್ನೂ ಬಳಸುತ್ತಿರುವುದಾಗಿ ಹೇಳಿದರು. ಅಷ್ಟು ಹಣ, ಅಷ್ಟು ಮಂದಿ ಸಲಹೆಗಾರರು ಇದ್ದವರಿಗೇ ಮೂವತ್ತೈದು ವರ್ಷ ಹಿಡಿದ ಕೆಲಸವನ್ನು ಮೂವತ್ತು ದಿನಗಳಲ್ಲಿ ಮುಗಿಸಿಕೊಡುವ ಭರವಸೆಯನ್ನು ನಟಿಯ ಪುಸ್ತಕದ ರಟ್ಟಿನ ಮೇಲೆಯೇ ಅಚ್ಚು ಹಾಕಿದ್ದಾರೆ.

ಯಾವ ಪಥ್ಯ ಮೇಲು ಎಂಬ ಜಗಳಕ್ಕೂ ಉತ್ತರವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆಯ ಆಹಾರವನ್ನೂ ಇನ್ನೊಂದಕ್ಕೆ ಪಿಷ್ಟ ಕಡಿಮೆಯ ಆಹಾರವನ್ನೂ ಸೂಚಿಸಿ, ಒಂದು ವರ್ಷ ಗಮನಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಾಸರಿ ಇಳಿಕೆ ಮೊದಲನೆಯ ಗುಂಪಿನಲ್ಲಿ 5.3 ಕಿಲೋ, ಎರಡನೆಯದರಲ್ಲಿ 6 ಕಿಲೋ, ಹೇಳಿಕೊಳ್ಳುವಂಥ ವ್ಯತ್ಯಾಸವೇನಲ್ಲ. ಎರಡೂ ಗುಂಪಿನವರಿಗೆ ಸಕ್ಕರೆ ಮೈದಾ ಕಡಿಮೆ ಮಾಡಿ, ತರಕಾರಿ ಹೆಚ್ಚಿಸಿ ಎಂದು ಹೇಳಲಾಗಿತ್ತು. ಹಾಗಿದ್ದ ಮೇಲೆ ಅಕ್ಕಿರೊಟ್ಟಿಯನ್ನು ಬಿಟ್ಟು ಕಿನೋವಾಕ್ಕೆ ಹೋಗುವ ಕಾರಣ ನನಗಂತೂ ಉಳಿಯಲಿಲ್ಲ.

ಎರಡನೆಯ ಪುಸ್ತಕವನ್ನು ಇದೇ ಸಿಟ್ಟಿನಲ್ಲಿ ಬಿಡಿಸಿದೆ. ಆರಂಭದ ಪುಟಗಳು ಆ ಸಿಟ್ಟನ್ನು ಇಳಿಸಲಿಲ್ಲ. ಒಂದು ಒಣದ್ರಾಕ್ಷಿಯನ್ನು ಕೈಯಲ್ಲಿ ಹಿಡಿದು, ನೋಡಿ, ಮೂಸಿ, ನಾಲಿಗೆಯ ಮೇಲಿಟ್ಟುಕೊಂಡು, ನಿಮಿಷಗಟ್ಟಲೆ ಅಗಿಯಬೇಕೆಂದು ಅದು ಹೇಳುತ್ತದೆ. ಈ ಅಭ್ಯಾಸ ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ ಧ್ಯಾನಾಧಾರಿತ ಕಾರ್ಯಕ್ರಮದಿಂದ ಬಂದು ಇಂಥ ಪುಸ್ತಕಗಳಲ್ಲೆಲ್ಲ ಹರಡಿದೆ. ನಾನು ಒಣದ್ರಾಕ್ಷಿಯ ಬದಲು ಕೋಡುಬಳೆಯಲ್ಲಿ ಪ್ರಯತ್ನಿಸಿದೆ. ಕೋಡುಬಳೆಯನ್ನು ನಿಧಾನವಾಗಿ ತಿಂದರೆ ಅದರ ರುಚಿ ಇನ್ನೂ ಹೆಚ್ಚುತ್ತದೆಯೆಂಬುದಷ್ಟೇ ತಿಳಿಯಿತು.

ಆದರೆ ಆ ಪುಸ್ತಕದ ಕೊನೆಯಲ್ಲಿ, ಅದನ್ನು ಬರೆದವರೇ ಹೆಚ್ಚು ಮಹತ್ವ ಕೊಡದ ಜಾಗದಲ್ಲಿ, ಗೆರೆ ಎಳೆದ ಕೆಲವು ಖಾಲಿ ಪುಟಗಳಿವೆ. ಹೊತ್ತು, ತಿಂದದ್ದು, ಆಗ ಹಸಿವು ಒಂದರಿಂದ ಹತ್ತರಲ್ಲಿ ಎಷ್ಟಿತ್ತು, ಮನಸ್ಸು ಹೇಗಿತ್ತು ಎಂಬ ನಾಲ್ಕು ಅಂಕಣಗಳು. ನನ್ನ ಕೆಲಸ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಒಂದರ ಲೆಕ್ಕಪತ್ರ ವಿಭಾಗದಲ್ಲಿ. ಅಂಕಣ ಕಂಡರೆ ತುಂಬದೆ ಇರಲಾರೆ. ಆ ಪುಟಗಳು ಬೇಗನೆ ಮುಗಿದವು. ಬಳಿಕ ದಪ್ಪ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು, ಸ್ಕೇಲು ಹಿಡಿದು ಅದೇ ಅಂಕಣಗಳನ್ನು ಎಳೆದುಕೊಂಡೆ. ಅದು ಅಡುಗೆಮನೆಯಲ್ಲಿ ಕಾಫಿ ಫಿಲ್ಟರಿನ ಪಕ್ಕದಲ್ಲೇ ಇರುತ್ತದೆ, ಪೆನ್ಸಿಲನ್ನು ದಾರದಿಂದ ಅದಕ್ಕೇ ಕಟ್ಟಿದ್ದೇನೆ. ಬೆಳಿಗ್ಗೆ ಪುಡಿ ಹಾಕಿ, ಹಿಡಿಯಿಂದ ಮೆಲ್ಲಗೆ ಒತ್ತಿ, ಕುದಿನೀರು ಸುರಿದು, ಡಿಕಾಕ್ಷನ್ ಇಳಿಯುವವರೆಗೆ ಹಿಂದಿನ ರಾತ್ರಿಯದನ್ನು ಬರೆಯುವುದು. ಸಂಜೆ ಮನೆಗೆ ಬಂದು ಎರಡನೆಯ ಫಿಲ್ಟರು ಹಾಕಿದಾಗ ಆ ದಿನದ್ದನ್ನು ಬರೆಯುವುದು. ಅವಸರ ಮಾಡಿದರೆ ಡಿಕಾಕ್ಷನ್ ನೀರಾಗುತ್ತದೆ, ಆದ್ದರಿಂದ ಬರೆಯಲು ಬಿಡುವಿಲ್ಲ ಎನ್ನುವ ನೆಪಕ್ಕೂ ಅವಕಾಶವಿಲ್ಲ. ಎರಡು ವರ್ಷಗಳಲ್ಲಿ ನನಗೆ ನಿಜವಾದ ಸಂತೋಷ ಕೊಟ್ಟದ್ದು ಈ ಹತ್ತು ನಿಮಿಷಗಳೇ. ನಮ್ಮ ಅತ್ತೆಯವರು ಮೊದಮೊದಲು ನೋಡಿ, "ಒಂದು ರೊಟ್ಟಿ ತಿಂದಿದ್ದಕ್ಕೂ ರಶೀದಿ ಬರೀಬೇಕೇನಮ್ಮ?" ಎಂದು ನಕ್ಕಿದ್ದರು, ಈಗ ತಮ್ಮ ಸಕ್ಕರೆ ಮಾತ್ರೆಯ ಹೊತ್ತನ್ನೂ ಅದರಲ್ಲೇ ಬರೆಸುತ್ತಾರೆ.

ಬರೆಯುವುದರಿಂದ ತೂಕ ಇಳಿಯುತ್ತದೆಯೆಂಬುದಕ್ಕೆ ಆಧಾರವಿದೆ. 2008ರಲ್ಲಿ ಅಮೆರಿಕದಲ್ಲಿ ಸುಮಾರು 1,700 ಮಂದಿಯನ್ನು ಕುರಿತು ಪ್ರಕಟವಾದ ಅಧ್ಯಯನದಲ್ಲಿ, ತಿಂದದ್ದನ್ನು ದಿನವೂ ಬರೆದಿಟ್ಟವರು ಏನನ್ನೂ ಬರೆಯದವರಿಗಿಂತ ಸುಮಾರು ಎರಡು ಪಟ್ಟು ತೂಕ ಇಳಿಸಿಕೊಂಡಿದ್ದರು. ಶ್ರದ್ಧೆಯುಳ್ಳವರೇ ಹೆಚ್ಚು ಬರೆಯುತ್ತಾರೆಂದು ಯಾರಾದರೂ ಆಕ್ಷೇಪಿಸಬಹುದು, ಅದು ಸರಿಯೂ ಹೌದು. ಆದರೆ ನನ್ನ ಮಟ್ಟಿಗೆ ಪ್ರಯೋಜನ ಬೇರೆ ದಾರಿಯಿಂದ ಬಂದಿತು: ಆ ಅಂಕಣಗಳು ಅವುಗಳನ್ನು ಕೊಟ್ಟ ಪುಸ್ತಕದ ವಾದವನ್ನೇ ಬಹುಮಟ್ಟಿಗೆ ತಲೆಕೆಳಗು ಮಾಡಿದವು.

ಸಂಜೆ ಐದರ ಸುಮಾರಿಗೆ ತಿನ್ನುವುದೆಲ್ಲ ಮನಸ್ಸಿನ ಹಸಿವು, ಹೊಟ್ಟೆಯದಲ್ಲ, ಎಂದು ಪುಸ್ತಕ ಒತ್ತಿ ಹೇಳುತ್ತದೆ. ನನ್ನ ನಾಲ್ಕನೆಯ ಅಂಕಣದಲ್ಲಿಯೂ ಆ ಹೊತ್ತಿಗೆ ಬೇಸರ, ಕಿರಿಕಿರಿ, ಸಿಟ್ಟು ಎಂದೇ ಇರುತ್ತಿತ್ತು. ಪಕ್ಕದಲ್ಲಿ ಖಾರಾಮಂಡಕ್ಕಿ, ಬೆಣ್ಣೆ ಬಿಸ್ಕತ್ತು, ಬನ್ನು. ಆದರೆ ಅದೇ ಪುಟದಲ್ಲಿ ನಾಲ್ಕು ಸಾಲು ಮೇಲಕ್ಕೆ ಕಣ್ಣು ಹಾಯಿಸಿದರೆ ಮಧ್ಯಾಹ್ನದ ಊಟದ ಜಾಗದಲ್ಲಿ ನಟಿಯ ಸಲಾಡ್ ಇರುತ್ತಿತ್ತು. ಎರಡು ಅಕ್ಕಿರೊಟ್ಟಿ, ಹುರುಳಿಕಾಳಿನ ಪಲ್ಯ, ಮಜ್ಜಿಗೆ ಎಂದು ಬರೆದ ದಿನಗಳಲ್ಲಿ ಐದು ಗಂಟೆಯ ಸಾಲಿನಲ್ಲಿ ಬರಿಯ ಕಾಫಿ ಇರುತ್ತಿತ್ತು, ಮನಸ್ಸಿನ ಅಂಕಣದಲ್ಲಿ ಬರೆಯಲು ಏನೂ ಇರುತ್ತಿರಲಿಲ್ಲ. ಕೆಲಸ ಅದೇ, ಮೇಲಧಿಕಾರಿಗಳು ಅವರೇ, ಹೊಂದಿಕೆಯಾಗದ ಖಾತೆಗಳೂ ಅವೇ.

ಇದು ಹೊಸ ಸಂಗತಿಯೇನಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರಗಳ ಕಾಲ ಅರೆಹೊಟ್ಟೆಯ ಆಹಾರ ಕೊಟ್ಟು ಪರೀಕ್ಷಿಸಿದರು. ಆ ಯುವಕರು ಸಿಡುಕರಾದರು, ಮಂಕಾದರು, ಹಗಲೂ ರಾತ್ರಿ ಊಟದ ಯೋಚನೆಯಲ್ಲೇ ಮುಳುಗಿದರು; ಕೆಲವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸಿ ಓದತೊಡಗಿದರು. ಅವರ ಮನಸ್ಸಿನಲ್ಲಿ ಮೊದಲಿಂದ ಇದ್ದ ಗಾಯವೊಂದು ಅವರನ್ನು ಹಾಗೆ ಮಾಡಿಸಲಿಲ್ಲ, ಹಸಿವು ಮಾಡಿಸಿತು. ಪಥ್ಯದ ಪುಸ್ತಕ ಹಸಿವನ್ನು ಹುಟ್ಟಿಸುತ್ತದೆ, ಮನಸ್ಸಿನ ಪುಸ್ತಕ ಆ ಹಸಿವಿಗೆ ನಿಮ್ಮ ಬಾಲ್ಯದಲ್ಲಿ ಕಾರಣ ಹುಡುಕುತ್ತದೆ. ಒಂದೇ ಆನ್‌ಲೈನ್ ಅಂಗಡಿ ಇವೆರಡನ್ನೂ "ಜೊತೆಯಾಗಿ ಕೊಳ್ಳಿ" ಎಂದು ತೋರಿಸುವುದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಎರಡನೆಯ ಪುಸ್ತಕವನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ಮಗಳು ಓದಲೆಂದು ಬೆಂಗಳೂರಿನ ಹಾಸ್ಟೆಲಿಗೆ ಹೋದ ತಿಂಗಳುಗಳಲ್ಲಿ ರಾತ್ರಿ ಊಟವಾದ ಮೇಲೆ ಹಲಸಿನ ಹಪ್ಪಳ ಕರಿದುಕೊಂಡು ತಿನ್ನುವುದು ಶುರುವಾಗಿತ್ತು, ಹಸಿವಿನ ಅಂಕಣದಲ್ಲಿ ಒಂದೋ ಎರಡೋ ಮಾತ್ರ ಇರುತ್ತಿತ್ತು. ಅದಕ್ಕೆ ಹುರುಳಿಕಾಳು ಪರಿಹಾರವಲ್ಲ. ತಿನ್ನಬೇಕೆನಿಸಿದಾಗ ಹತ್ತು ನಿಮಿಷ ಮುಂದೂಡಿ, ಆ ಹೊತ್ತಿನಲ್ಲಿ ಯಾರೊಂದಿಗಾದರೂ ಮಾತಾಡಿ ಎಂಬ ಸಲಹೆ ಅಲ್ಲಿ ಕೆಲಸ ಮಾಡಿತು. ಎಣ್ಣೆ ಕಾಯಿಸುವ ಮುಂಚೆ ಮಗಳಿಗೆ ಫೋನ್ ಮಾಡುವ ರೂಢಿಯಾಯಿತು. ಹಾಗಾಗಿ ಭಾವನೆಗೆ ತಿನ್ನುವುದು ಸುಳ್ಳೆಂದು ನಾನು ಹೇಳಲಾರೆ. ಮೊದಲು ಹೊಟ್ಟೆ ತುಂಬ ಉಂಡು, ಆಮೇಲೂ ಉಳಿಯುವ ತಿನ್ನುವ ಆಸೆಯನ್ನು ಮಾತ್ರ ಮನಸ್ಸಿನ ಖಾತೆಗೆ ಬರೆಯಬೇಕು. ನನ್ನ ಪುಸ್ತಕದಲ್ಲಿ ಆ ಖಾತೆ ತೀರ ಚಿಕ್ಕದಾಗಿ ಉಳಿಯಿತು.

ಆ ಪುಸ್ತಕದ ಅಂಕಣಗಳಲ್ಲಿ ಜಾಗವಿಲ್ಲದ ಎರಡು ಸಂಗತಿಗಳು ನಮ್ಮ ಕಡೆ ಇವೆ. ಒಂದು ಮಳೆ. ಜುಲೈ ಬಂದರೆ ರತ್ನಗಿರಿ ಬೋರೆಯ ಸಂಜೆಯ ನಡಿಗೆ ನಿಲ್ಲುತ್ತದೆ, ಬಟ್ಟೆ ಒಣಗುವುದಿಲ್ಲ, ವಿದ್ಯುತ್ ಇರುವುದಿಲ್ಲ, ಬಿಸಿಬಿಸಿ ಈರುಳ್ಳಿ ಬಜ್ಜಿಯ ಹೊರತು ಸಂಜೆಗೆ ಬೇರೆ ಕಾರ್ಯಕ್ರಮವೇ ಇರುವುದಿಲ್ಲ. ಇದಕ್ಕೆ ದುಃಖವೆಂದು ಬರೆಯಲೇ, ಸಂತೋಷವೆಂದು ಬರೆಯಲೇ? ನಾನು "ಮಳೆ" ಎಂದೇ ಬರೆದೆ, ಎರಡೂ ವರ್ಷ ಆ ತಿಂಗಳುಗಳಲ್ಲಿ ತೂಕ ತುಸು ಏರಿತು. ಇನ್ನೊಂದು ಉಪಚಾರ. "ಬೇಡ, ನಾನು ನನ್ನ ದೇಹದ ಮಾತು ಕೇಳುತ್ತಿದ್ದೇನೆ" ಎಂದು ಹೇಳಿ ನಯವಾಗಿ ನಿರಾಕರಿಸಲು ಪುಸ್ತಕ ಕಲಿಸುತ್ತದೆ. ಮಲೆನಾಡಿನ ಮನೆಯೊಂದರಲ್ಲಿ, ಎಲೆಯ ಮುಂದೆ ಕೂತು, ಬಡಿಸಲು ಬಂದ ಹಿರಿಯರಿಗೆ ಈ ಮಾತು ಹೇಳಿದರೆ ಮುಂದಿನ ಹತ್ತು ವರ್ಷ ಆ ಮನೆಯಲ್ಲಿ ಅದೇ ಕಥೆಯಾಗುತ್ತದೆ. ಅರ್ಧ ಲೋಟ ಕಾಫಿ, ಅರ್ಧ ಹೋಳಿಗೆ ಎಂದು ಮೊದಲೇ ಕೇಳಿಕೊಳ್ಳುವುದು ಹೆಚ್ಚು ಸುಲಭ. ಆಫೀಸಿನಲ್ಲಿಯೂ ನಾನು ಕಾಫಿ ಬಿಡಲಿಲ್ಲ, ಲೋಟಕ್ಕೆ ಎರಡು ಚಮಚೆಯಿದ್ದ ಸಕ್ಕರೆಯನ್ನು ಅರ್ಧಕ್ಕೆ ತಂದೆ. ಕೊಯ್ಲಿನ ಕಾಲದಲ್ಲಿ ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರಿಗೆ ಇದು ದಿನವೊಂದಕ್ಕೆ ಸುಮಾರು 20 ಗ್ರಾಂ ಉಳಿತಾಯ.

ಒಟ್ಟು ಇಳಿದದ್ದು ಸುಮಾರು 5 ಕಿಲೋ. ಪ್ರತಿ ಮಳೆಗಾಲಕ್ಕೆ ಏರಿದ್ದನ್ನು ಕಳೆದು ಹೇಳುತ್ತಿದ್ದೇನೆ. ರಟ್ಟಿನ ಮೇಲಿನ ಭರವಸೆಯ ಮುಂದೆ ಇದು ಅಲ್ಪ, ಆದರೆ ಸಕ್ಕರೆಯ ಪರೀಕ್ಷೆ ಅಂಚಿನಿಂದ ಹಿಂದೆ ಬಂದಿದೆ. ನಟಿಯ ಪುಸ್ತಕಕ್ಕೆ ಐದರಲ್ಲಿ ಒಂದು, ಅದೂ ಚಿತ್ರಗಳಿಗೆ. ಎರಡನೆಯದಕ್ಕೆ ಮೂರು. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಇಂಥ ಯಾವ ಪುಸ್ತಕವನ್ನೂ ನೋಡಿ ಊಟ ತಪ್ಪಿಸಬಾರದು, ಸಕ್ಕರೆ ಏಕಾಏಕಿ ಕುಸಿಯುವ ಅಪಾಯವಿದೆ. ತಡೆಯಲಾಗದೆ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವ ಅಭ್ಯಾಸವಿರುವವರಿಗೆ ಬೇಕಾದದ್ದು ಪುಸ್ತಕವಲ್ಲ, ವೈದ್ಯರು. ಉಳಿದವರು ಎರಡನೆಯದನ್ನು ಗ್ರಂಥಾಲಯದಿಂದಲೋ ಗೆಳತಿಯರಿಂದಲೋ ಎರವಲು ತಂದು ಕೊನೆಯ ಪುಟಗಳ ಅಂಕಣಗಳನ್ನು ನಕಲು ಮಾಡಿಕೊಂಡರೆ ಸಾಕು. ಕೊಳ್ಳಲೇಬೇಕೆನಿಸಿದರೆ ಮುದ್ರಿತ ಪ್ರತಿಯನ್ನೇ ಕೊಳ್ಳಿ. ಮೊಬೈಲಿನಲ್ಲಿ ಓದುವ ಪ್ರತಿಯಲ್ಲಿ ಆ ಅಂಕಣಗಳು ಬರಿಯ ಚಿತ್ರಗಳಾಗಿ ಬರುತ್ತವೆ, ಅವುಗಳಲ್ಲಿ ಏನನ್ನೂ ಬರೆಯಲಾಗುವುದಿಲ್ಲ.