ಫೋಲ್ಡ್‌ಸ್ಕೋಪ್: ಎಲೆಯ ರೋಮ, ಗ್ರಂಥಿ ನೋಡಲು ಎಷ್ಟು ಉಪಯೋಗ?

ಕಾಗದ ಮಡಚಿ ಕೈಯಲ್ಲೇ ಜೋಡಿಸುವ ಈ ಸೂಕ್ಷ್ಮದರ್ಶಕವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್ಕಿ ರೂಪಿಸಿದರು. 2014ರಲ್ಲಿ ಅದರ ವಿವರ ಪ್ರಕಟವಾಯಿತು. ವರ್ಧನೆ ಸುಮಾರು 140 ಪಟ್ಟು. 2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು) ಅಂತರದ ಚುಕ್ಕೆಗಳೂ ಬೇರೆಬೇರೆಯಾಗಿ ಕಾಣುತ್ತವೆ. ತುಳಸಿಯ ಎಣ್ಣೆ ಗ್ರಂಥಿಗೆ ಇಷ್ಟು ಧಾರಾಳವಾಯಿತು. ಆದರೆ ಎಲೆಯನ್ನು ಇಡಿಯಾಗಿ ತೂರಿಸಿದರೆ ಬರೀ ಕಪ್ಪು ಕಾಣುತ್ತದೆ. ಇಲ್ಲಿ ಬೆಳಕು ವಸ್ತುವಿನ ಮೂಲಕ ಹಾದು ಬರಬೇಕು.

ಹಾಗಾಗಿ ಎಲೆಯ ಅಂಚನ್ನು ನೋಡಿ. ಎಳೆ ಎಲೆಯ ಅಂಚಿನಿಂದ 2–3 ಮಿಲಿಮೀಟರ್ ತುಂಡು ಕತ್ತರಿಸಿ, ಸ್ಲೈಡಿನ (ವಸ್ತುವನ್ನಿಡುವ ಪಟ್ಟಿಯ) ಮೇಲೆ ಒಂದು ಹನಿ ನೀರಿನಲ್ಲಿಟ್ಟರೆ ರೋಮಗಳು ಬೆಳಕಿಗೆ ಅಡ್ಡವಾಗಿ ಸ್ಪಷ್ಟವಾಗಿ ನಿಲ್ಲುತ್ತವೆ. ಗ್ರಂಥಿಯನ್ನು ಮೇಲಿನಿಂದ ನೋಡಬೇಕಾದರೆ ಎಲೆಯನ್ನು ಓರೆಯಾಗಿ ಹರಿಯಿರಿ. ಹರಿದ ಕಡೆ ಉಳಿಯುವ ತೆಳು ಪಾರದರ್ಶಕ ಪೊರೆ ಬೇಕಾದದ್ದು. ತುಳಸಿಯ ದೊಡ್ಡ ಗ್ರಂಥಿಯ ತಲೆಯಲ್ಲಿ ನಾಲ್ಕು ಕೋಶಗಳು ಹೂವಿನ ಎಸಳಿನಂತೆ ಕೂಡಿರುತ್ತವೆ. ದಪ್ಪ ಕಪ್ಪು ಅಂಚಿನ, ಒಳಗೆ ಗೆರೆಯೇ ಇಲ್ಲದ ಉರುಟು ಕಂಡರೆ ಅದು ಗಾಳಿಗುಳ್ಳೆ. ನೀರಿಗೆ ಪಾತ್ರೆ ತೊಳೆಯುವ ಸೋಪು ಚೂರೇ ಚೂರು ಬೆರೆಸಿದರೆ ಗುಳ್ಳೆ ಕಡಿಮೆಯಾಗುತ್ತದೆ. ಸ್ಪಿರಿಟ್ ಮಾತ್ರ ಬೇಡ, ಎಣ್ಣೆಯೇ ಕರಗಿಹೋಗುತ್ತದೆ.

ಉಗುರುಬಣ್ಣ ಬಳಿದು, ಒಣಗಿದ ಮೇಲೆ ಟೇಪಿನಿಂದ ಎಬ್ಬಿಸುವ ಉಪಾಯ ಪತ್ರರಂಧ್ರಗಳಿಗೆ (ಎಲೆ ಉಸಿರಾಡುವ ಸೂಕ್ಷ್ಮ ತೂತುಗಳಿಗೆ) ಚೆನ್ನ. ಗ್ರಂಥಿಗೆ ಆಗದು: ಬಣ್ಣದಲ್ಲಿರುವ ದ್ರಾವಕ ಎಣ್ಣೆಯನ್ನು ಕರಗಿಸುತ್ತದೆ, ತಲೆಯೂ ಕಿತ್ತುಬರುತ್ತದೆ.

ಕಡಲೆ ಗಿಡದ ದಾರಿ ಬೇರೆ. ಹೊಲದಲ್ಲಿ ಬೆಳಗಿನ ಜಾವ ಬಟ್ಟೆ ಹಾಸಿ ಹಿಂಡಿಕೊಳ್ಳುವ ಆ ಹುಳಿ ಅದರ ರೋಮಗಳು ಸ್ರವಿಸುವ ಮ್ಯಾಲಿಕ್, ಆಕ್ಸಾಲಿಕ್ ಆಮ್ಲ. ಅದು ನೀರಿನಲ್ಲಿ ಕರಗುತ್ತದೆ. ಒದ್ದೆ ಮಾಡಿದಿರೋ, ರೋಮದ ತುದಿಯ ಹನಿ ಮಾಯ. ಎಳೆ ಎಲೆಯ ಚೂರನ್ನು ಸ್ಲೈಡಿನ ಮೇಲೆ ಒಣದಾಗಿಯೇ ಇಟ್ಟು, ಎರಡು ಬದಿಗೆ ಎರಡೆರಡು ಪದರ ಟೇಪು ಅಂಟಿಸಿ, ಅದರ ಮೇಲೆ ಕವರ್ ಸ್ಲಿಪ್ (ಮುಚ್ಚುವ ತೆಳು ಪಾರದರ್ಶಕ ಹಾಳೆ) ಇಡಿ. ಒತ್ತಬೇಡಿ.

ಕವರ್ ಸ್ಲಿಪ್ ಇರುವ ಮಗ್ಗುಲು ಲೆನ್ಸಿನ ಕಡೆಗಿರಲಿ. ಲೆನ್ಸಿನ ಗೋಲ ವಸ್ತುವಿಗೆ ತೀರಾ ಹತ್ತಿರ ಕೂರುವುದರಿಂದ ಸ್ಲೈಡ್ ತಿರುಗಾಮುರುಗಾ ಆದರೆ ಫೋಕಸ್ ಸಿಗುವುದೇ ಇಲ್ಲ. ಕಣ್ಣನ್ನೂ ರೆಪ್ಪೆ ತಾಗುವಷ್ಟು ಹತ್ತಿರ ತರಬೇಕು. ಬೆಳಗಿರುವ ಆಕಾಶದ ಕಡೆ ಹಿಡಿಯಿರಿ, ಸೂರ್ಯನ ಕಡೆ ಎಂದಿಗೂ ಬೇಡ.

ನೋಟದ ವ್ಯಾಪ್ತಿ ಕಿರಿದು, ಅಂಚಿನಲ್ಲಿ ಮಸುಕು. ಇದೇ ದೊಡ್ಡ ಕೊರತೆ. ಎಲೆಯ ಮೇಲೆ ಗ್ರಂಥಿಗಳು ಹೇಗೆ ಹರಡಿವೆ ಎಂದು ನೋಡಲು 10 ಪಟ್ಟಿನ ಕೈಲೆನ್ಸೇ ವಾಸಿ. ಒಂದು ಗ್ರಂಥಿಯ ರಚನೆಗೆ ಬಂದರೆ ಫೋಲ್ಡ್‌ಸ್ಕೋಪನ್ನೇ ಕೊಳ್ಳಿ.